ತಂಡ ನಡೆಸುವವರು ತಮ್ಮ ಬಲವನ್ನೂ ಬೆಲೆಯನ್ನೂ ಗುರುತಿಸುವುದು ಹೇಗೆ: ಕೊಡಗಿನ ಓದುಗರಿಗೆ ಸಮಗ್ರ ಮಾರ್ಗದರ್ಶಿ

ತೋಟದ ಲೆಕ್ಕವನ್ನೂ ಆಳುಗಳನ್ನೂ ನೋಡಿಕೊಳ್ಳುವ ರೈಟರ್, ಮೇಸ್ತ್ರಿ, ಎಸ್ಟೇಟ್ ಮ್ಯಾನೇಜರ್, ಹೋಂಸ್ಟೇ ಉಸ್ತುವಾರಿ, ಸಹಕಾರ ಸಂಘದ ಕಾರ್ಯದರ್ಶಿ, ಸ್ವಸಹಾಯ ಸಂಘದ ಪ್ರತಿನಿಧಿ, ಶಾಲೆಯ ಮುಖ್ಯ ಶಿಕ್ಷಕಿ, ಸೇನೆಯಿಂದ ನಿವೃತ್ತರಾಗಿ ಎರಡನೇ ಕೆಲಸ ಹುಡುಕುತ್ತಿರುವ ಸುಬೇದಾರ್. ಕೊಡಗಿನಲ್ಲಿ ಹತ್ತು ಜನರನ್ನೋ ಇನ್ನೂರು ಜನರನ್ನೋ ದಿನವೂ ನಡೆಸುವವರಿಗೆ ಕೊರತೆಯಿಲ್ಲ. ಆದರೆ "ತಂಡ ನಡೆಸುವುದರಲ್ಲಿ ನಿಮ್ಮ ಬಲವೇನು? ಎಷ್ಟು ಸಂಬಳ ನಿರೀಕ್ಷಿಸುತ್ತೀರಿ?" ಎಂಬ ಎರಡು ಪ್ರಶ್ನೆಗಳ ಮುಂದೆ ಇವರಲ್ಲಿ ಹೆಚ್ಚಿನವರು ತಡವರಿಸುತ್ತಾರೆ. ತಿದ್ದಿಕೊಡಿ ಎಂದು ನನ್ನ ಕೈಗೆ ಬರುವ ಅರ್ಜಿಗಳಲ್ಲಿ ಮತ್ತೆ ಮತ್ತೆ ಕಾಣುವ ಮಾತುಗಳು ಒಂದೇ: ಶ್ರಮಜೀವಿ, ಪ್ರಾಮಾಣಿಕ, ಎಲ್ಲರೊಂದಿಗೆ ಹೊಂದಿಕೊಳ್ಳುವ ಸ್ವಭಾವ. ಸಂಬಳದ ಜಾಗದಲ್ಲಿ "ತಮ್ಮ ಇಷ್ಟದಂತೆ" ಎಂದಿರುತ್ತದೆ.

ಇವರಿಗೆ ಸಾಮರ್ಥ್ಯದ ಕೊರತೆಯಿಲ್ಲ. ತಪ್ಪುತ್ತಿರುವುದು ಕ್ರಮ. ಮೊದಲು ಗುಣಗಳ ಪಟ್ಟಿ ಮಾಡುತ್ತಾರೆ, ನಂತರ ಮೊಬೈಲ್‌ನಲ್ಲಿ ಯಾವುದೋ ವ್ಯಕ್ತಿತ್ವ ಪರೀಕ್ಷೆ ಬರೆಯುತ್ತಾರೆ, ಕೊನೆಗೆ ಪಕ್ಕದ ತೋಟದವರ ಸಂಬಳ ಕೇಳಿಕೊಂಡು ಬಂದು ಅದಕ್ಕೆ ಎರಡು ಸಾವಿರ ಸೇರಿಸುತ್ತಾರೆ. ಈ ದಾರಿಯಲ್ಲಿ ಎಷ್ಟು ಸಲ ಹೋದರೂ ಅದೇ ಮೂರು ಪದಗಳ ಹತ್ತಿರ ನಿಲ್ಲುತ್ತೀರಿ. ಸರಿಯಾದ ಕ್ರಮ ಹೀಗಿದೆ: ಘಟನೆ, ತೀರ್ಮಾನ, ಸಾಕ್ಷಿ, ಎಳೆ, ಲೆಕ್ಕ, ಬೆಲೆ, ಮಾತು. ಕೆಳಗಿನ ಹಂತಗಳನ್ನು ಹಿಂದೆಮುಂದೆ ಮಾಡಬೇಡಿ. ಒಂದರಲ್ಲಿ ಸಿಕ್ಕಿದ್ದು ಇನ್ನೊಂದಕ್ಕೆ ಕಚ್ಚಾವಸ್ತು.

ಬೇಕಾದ ವಸ್ತುಗಳು, ಬೇಕಾದ ಸಮಯ

ಒಂದು ಉದ್ದನೆಯ ನೋಟ್‌ಬುಕ್, ಎರಡು ಬಣ್ಣದ ಪೆನ್ನು. ಮೊಬೈಲ್‌ನಲ್ಲಿ ಬರೆಯಬೇಡಿ. ಮುಂದಿನ ಹಂತಗಳಲ್ಲಿ ಪುಟಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಕೆಲಸವಿದೆ, ಅದು ಸಣ್ಣ ಪರದೆಯ ಮೇಲೆ ಆಗುವುದಿಲ್ಲ.

ಇದರ ಜೊತೆಗೆ ನೆನಪನ್ನು ಎಬ್ಬಿಸುವ ದಾಖಲೆಗಳು ಬೇಕು. ತೋಟದವರಿಗೆ ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿಯ ಪುಸ್ತಕ), ಕೊಯ್ಲಿನ ತೂಕದ ಪುಸ್ತಕ ಮತ್ತು ಮಳೆ ಲೆಕ್ಕದ ಪುಸ್ತಕ. ಸಂಘದವರಿಗೆ ನಡಾವಳಿ ಪುಸ್ತಕ. ಹೋಂಸ್ಟೇಯವರಿಗೆ ಬುಕಿಂಗ್ ರಿಜಿಸ್ಟರ್. ಎಲ್ಲರಿಗೂ ಮೊಬೈಲ್‌ನ ಹಳೆಯ ಫೋಟೊಗಳು, ವಾಟ್ಸ್ಯಾಪ್ ಸಂದೇಶಗಳು. ಇವುಗಳಲ್ಲಿ ಮಳೆ ಲೆಕ್ಕದ ಪುಸ್ತಕವನ್ನು ನಾನು ಎಲ್ಲಕ್ಕಿಂತ ಹೆಚ್ಚು ನೆಚ್ಚುತ್ತೇನೆ. ಕೊಡಗಿನ ತೋಟಗಳಲ್ಲಿ ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ದಿನವೂ ಮಳೆ ಬರೆದಿಡುವ ಪದ್ಧತಿ ಇನ್ನೂ ಉಳಿದಿದೆ. ಜನವರಿಯ ಪುಟದಲ್ಲಿ ಎಪ್ಪತ್ತು ಸೆಂಟ್ ಎಂದು ಬರೆದಿರುವುದು ಕಣ್ಣಿಗೆ ಬಿದ್ದರೆ, ಆ ದಿನ ಕಣದಲ್ಲಿ ಏನಿತ್ತು, ಯಾರನ್ನು ಎಲ್ಲಿಗೆ ಓಡಿಸಿದಿರಿ ಎಂಬುದೆಲ್ಲ ತಾನಾಗಿ ಮೇಲೇಳುತ್ತದೆ.

ಸಮಯ: ಎರಡೆರಡು ಗಂಟೆಯ ಐದಾರು ಬೈಠಕ್‌ಗಳು, ಮೂರು ವಾರಗಳಲ್ಲಿ ಹರಡಿಕೊಂಡು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಕೈಹಾಕಬೇಡಿ, ಅರ್ಧಕ್ಕೆ ನಿಲ್ಲುತ್ತದೆ. ತೋಟದವರಿಗೆ ಕಕ್ಕಡದ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು) ಜಡಿಮಳೆಯ ಸಂಜೆಗಳು, ಹೋಂಸ್ಟೇ ನಡೆಸುವವರಿಗೆ ವಾರದ ನಡುವಿನ ದಿನಗಳು ಒಳ್ಳೆಯವು. ಸಂದರ್ಶನದ ಹಿಂದಿನ ರಾತ್ರಿ ಇದನ್ನು ಮಾಡಿ ಮುಗಿಸಲು ಸಾಧ್ಯವೇ ಇಲ್ಲ.

ಹಂತ 1: ಘಟನೆಗಳನ್ನು ಕಲೆಹಾಕಿ

ಕಳೆದ ನಾಲ್ಕೈದು ವರ್ಷಗಳಲ್ಲಿ ನೀವು ತಂಡದೊಂದಿಗೆ ಮಾಡಿದ ಕೆಲಸಗಳಲ್ಲಿ ಇಪ್ಪತ್ತು ಘಟನೆಗಳನ್ನು ಬರೆಯಿರಿ. ದೊಡ್ಡ ಸಾಧನೆಗಳೇ ಆಗಬೇಕಿಲ್ಲ. ಒಂದು ಜಗಳ ಬಗೆಹರಿಸಿದ್ದು, ಒಬ್ಬ ಹೊಸ ಹುಡುಗನನ್ನು ಪಳಗಿಸಿದ್ದು, ಒಂದು ಕೆಟ್ಟ ಪದ್ಧತಿಯನ್ನು ನಿಲ್ಲಿಸಿದ್ದು, ಯಾರೂ ಒಪ್ಪದ ಒಂದು ಕೆಲಸವನ್ನು ಒಪ್ಪಿಸಿದ್ದು ಎಲ್ಲವೂ ಘಟನೆಯೇ. ಐದು ಘಟನೆಗಳಾದರೂ ಕೆಟ್ಟು ಹೋದವಾಗಿರಲಿ.

ನೆನಪಾಗದಿದ್ದರೆ ಋತುವಿನ ಜಾಡು ಹಿಡಿಯಿರಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುತ್ತಾ ಸ್ಪ್ರಿಂಕ್ಲರ್ ಓಡಿಸಿದ ದಿನಗಳು, ಮಳೆಗಾಲಕ್ಕೆ ಮೊದಲಿನ ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವುದು) ಮತ್ತು ರೋಗ ತಡೆಯುವ ಬೋರ್ಡೊ ದ್ರಾವಣದ ಸಿಂಪಡಣೆ, ಮಳೆಯಲ್ಲಿ ರಸ್ತೆ ಕಡಿದುಹೋದಾಗ ನಡೆದದ್ದು, ನವೆಂಬರ್‌ನಲ್ಲಿ ಅರೇಬಿಕಾ, ಹೊಸ ವರ್ಷದ ಹೊತ್ತಿಗೆ ರೊಬಸ್ಟಾ, ಆಮೇಲೆ ಕರಿಮೆಣಸು. ಪ್ರತಿ ಋತುವಿಗೆ ನಾಲ್ಕು ಘಟನೆ ಹುಡುಕಿದರೆ ಇಪ್ಪತ್ತು ಆಗಿಯೇ ಬಿಡುತ್ತದೆ.

ಸಂಬಳವಿಲ್ಲದ ಕೆಲಸವನ್ನು ಬಿಡಬೇಡಿ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗ ಪರಿಹಾರ ಕೇಂದ್ರಗಳಲ್ಲಿ ಅಡುಗೆ, ಔಷಧ, ಹಾಸಿಗೆಗಳ ಲೆಕ್ಕ ಹಿಡಿದು ರಾತ್ರಿ ಹಗಲು ನಿಂತವರು ನಮ್ಮಲ್ಲಿ ಎಷ್ಟು ಜನ! ಹಳೆಯದಾದರೂ ಅದನ್ನು ಬರೆಯಿರಿ. ಕೊಡವ ಕೌಟುಂಬಿಕ ಹಾಕಿ ಉತ್ಸವವನ್ನು ನಿಮ್ಮ ಒಕ್ಕ (ಮನೆತನ) ನಡೆಸಿದ ವರ್ಷ ಮೈದಾನವನ್ನೋ ಊಟವನ್ನೋ ವೇಳಾಪಟ್ಟಿಯನ್ನೋ ನೋಡಿಕೊಂಡಿದ್ದರೆ ಅದೂ ಸೇರಲಿ. 2024ರಲ್ಲಿ ಮುನ್ನೂರಕ್ಕೂ ಹೆಚ್ಚು ತಂಡಗಳು ಆಡಿದ ಉತ್ಸವ ಅದು. ಅಷ್ಟು ಪಂದ್ಯಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವುದನ್ನು "ಮನೆಯ ಕೆಲಸ" ಎಂದು ತಳ್ಳಿಹಾಕುವುದು ಅನ್ಯಾಯ.

ಪ್ರತಿ ಘಟನೆಗೆ ನಾಲ್ಕು ಸಾಲು ಸಾಕು: ಪರಿಸ್ಥಿತಿ ಏನಿತ್ತು, ನಾನು ಏನು ತೀರ್ಮಾನಿಸಿದೆ, ಅದಕ್ಕಾಗಿ ಏನು ಬಿಟ್ಟುಕೊಟ್ಟೆ, ಏನಾಯಿತು. ಮೂರನೆಯ ಸಾಲನ್ನು ಎಲ್ಲರೂ ಬಿಡುತ್ತಾರೆ. ತೂಕವಿರುವುದು ಅದರಲ್ಲೇ.

ಒಂದು ಉದಾಹರಣೆ ನೋಡಿ. ಒಬ್ಬ ರೈಟರ್ ಮೊದಲು ಹೀಗೆ ಬರೆಯುತ್ತಾರೆ: "ಅಕಾಲಿಕ ಮಳೆ ಬಂದಾಗ ನಾವೆಲ್ಲ ಸೇರಿ ಕಾಫಿಯನ್ನು ಉಳಿಸಿದೆವು." ಇದರಿಂದ ಏನೂ ತಿಳಿಯುವುದಿಲ್ಲ. ಅದನ್ನೇ ಬಿಡಿಸಿ ಬರೆದರೆ: "ಕಣದಲ್ಲಿ ಅರ್ಧ ಒಣಗಿದ ಚೆರಿ, ಅಂದರೆ ಕಾಫಿ ಹಣ್ಣು, ಇತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ಮೋಡ ಕಟ್ಟಿತು. ಕೊಯ್ಲು ನಿಲ್ಲಿಸಿ ಇಪ್ಪತ್ತು ಜನರನ್ನು ಕಣಕ್ಕೆ ಕರೆಸಿದೆ. ಆ ದಿನದ ಒಂದೂವರೆ ಗಂಟೆಯ ಕೊಯ್ಲು ಹೋಯಿತು. ಕಿಲೋ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ನಷ್ಟವಾಗಬಾರದೆಂದು ಆ ಹೊತ್ತಿಗೆ ದಿನಗೂಲಿಯ ಲೆಕ್ಕ ಕೊಡುವುದಾಗಿ ಅಲ್ಲೇ ಹೇಳಿದೆ, ಮಾಲೀಕರಿಗೆ ಆಮೇಲೆ ತಿಳಿಸಿದೆ. ರಾಶಿ ಮಾಡಿ ಟಾರ್ಪಾಲಿನ್ ಹೊದಿಸುವಷ್ಟರಲ್ಲಿ ಮಳೆ ಬಂತು. ಚೆರಿಗೆ ಬೂಷ್ಟು ಹಿಡಿಯಲಿಲ್ಲ." ಈಗ ಓದುವವರಿಗೆ ಮೂರು ಸಂಗತಿಗಳು ಕಾಣುತ್ತವೆ: ಮುಂಚಿತವಾಗಿ ನಷ್ಟವನ್ನು ತೂಗಿದ್ದು, ಕೆಲಸಗಾರರ ಕೂಲಿಯನ್ನು ಮರೆಯದಿದ್ದದ್ದು, ಅಪ್ಪಣೆಗೆ ಕಾಯದೆ ಹೊಣೆ ಹೊತ್ತದ್ದು. ಬರೆದವರ ಸ್ವಭಾವವನ್ನು ಹೊಗಳುವ ಒಂದು ಪದವೂ ಅದರಲ್ಲಿಲ್ಲ.

ಸಾಮಾನ್ಯ ತಪ್ಪು: ಎಲ್ಲ ವಾಕ್ಯಗಳಲ್ಲೂ "ನಾವು". ದೊಡ್ಡ ಕುಟುಂಬಗಳಲ್ಲಿ ಬೆಳೆದವರಿಗೆ "ನಾನು" ಎನ್ನಲು ನಾಲಿಗೆ ಏಳುವುದಿಲ್ಲ, ಆ ಸಂಕೋಚವನ್ನು ನಾನು ಗೌರವಿಸುತ್ತೇನೆ. ಆದರೂ ಈ ಪುಸ್ತಕ ನಿಮ್ಮೊಬ್ಬರಿಗಾಗಿ. ಎರಡನೇ ಬಣ್ಣದ ಪೆನ್ನಿನಿಂದ ಪ್ರತಿ "ನಾವು" ಕೆಳಗೆ ಗೆರೆ ಎಳೆದು, ತೀರ್ಮಾನ ಯಾರದ್ದು, ಕೈ ಯಾರದ್ದು ಎಂದು ಅಂಚಿನಲ್ಲಿ ಬರೆಯಿರಿ. ತೀರ್ಮಾನ ಇನ್ನೊಬ್ಬರದ್ದಾಗಿದ್ದರೆ ಅವರ ಹೆಸರನ್ನೇ ಬರೆಯಿರಿ. ಆ ಘಟನೆಯಲ್ಲಿ ನಿಮ್ಮ ಬಲ ಬೇರೆ ಎಲ್ಲೋ ಇರಬಹುದು.

ಹಂತ 2: ಕೈಕೆಲಸವನ್ನೂ ನಾಯಕತ್ವವನ್ನೂ ಬೇರ್ಪಡಿಸಿ

ಇಪ್ಪತ್ತು ಘಟನೆಗಳನ್ನು ಹಣ್ಣು ಕಾಯಿ ಬೇರ್ಪಡಿಸುವಂತೆ ಮೂರು ಗುಂಪು ಮಾಡಿ. ಒಂದು, ನೀವೇ ಕೈಯಾರೆ ಚೆನ್ನಾಗಿ ಮಾಡಿದ್ದು. ಎರಡು, ನೀವು ತೀರ್ಮಾನ ತೆಗೆದುಕೊಂಡಿದ್ದರಿಂದ ಆದದ್ದು. ಮೂರು, ನಿಮ್ಮಿಂದಾಗಿ ಇನ್ನೊಬ್ಬರು ಚೆನ್ನಾಗಿ ಮಾಡಿದ್ದು.

ಗಿಡದ ಚಿಗುರು ತೆಗೆಯುವುದರಲ್ಲಿ ಎತ್ತಿದ ಕೈಯಾದವರನ್ನು ಮೇಸ್ತ್ರಿ ಮಾಡುತ್ತಾರೆ, ಅಡುಗೆ ಚೆನ್ನಾಗಿ ಮಾಡುವವರನ್ನು ಹೋಂಸ್ಟೇಯ ಉಸ್ತುವಾರಿ ಮಾಡುತ್ತಾರೆ, ಗಣಿತ ಚೆನ್ನಾಗಿ ಕಲಿಸುವವರು ಮುಖ್ಯ ಶಿಕ್ಷಕರಾಗುತ್ತಾರೆ. ವರ್ಷಗಳಾದ ಮೇಲೂ ಅವರು ತಮ್ಮ ಬಲವನ್ನು ಹಳೆಯ ಕೈಕೆಲಸದಲ್ಲೇ ಎಣಿಸುತ್ತಿರುತ್ತಾರೆ. ನಿಮ್ಮ ಪಟ್ಟಿಯಲ್ಲಿ ಮೊದಲ ಗುಂಪೇ ಹದಿನೈದು ತುಂಬಿದ್ದರೆ, ಎರಡರಲ್ಲಿ ಒಂದು ನಿಜ: ನೀವು ಇನ್ನೂ ತಂಡದ ಕೆಲಸವನ್ನು ನೀವೇ ಮಾಡುತ್ತಿದ್ದೀರಿ, ಇಲ್ಲವೇ ಜನರನ್ನು ನಡೆಸಿದ್ದು ನಿಮಗೆ ಕೆಲಸವಾಗಿಯೇ ಕಾಣುತ್ತಿಲ್ಲ. ಎರಡನೆಯದೇ ಹೆಚ್ಚು. ಅಂಥವರು ಹಂತ 1ಕ್ಕೆ ಹಿಂತಿರುಗಿ ಇನ್ನೈದು ಘಟನೆ ಬರೆಯಬೇಕು, ಈ ಸಲ ಮೂರನೆಯ ಗುಂಪಿನವನ್ನು ಮಾತ್ರ.

ಸೇನೆಯಿಂದ ಬಂದವರಿಗೆ ಒಂದು ಮಾತು: ಹುದ್ದೆಯ ಹೆಸರು ಬರೆದರೆ ಸಾಲದು. ಒಂದು ಪ್ಲಟೂನ್ ಎಂದರೆ ಸುಮಾರು ಮೂವತ್ತು ಜನರೆಂಬುದು ತೋಟದ ಮಾಲೀಕರಿಗಾಗಲಿ ರೆಸಾರ್ಟ್‌ನವರಿಗಾಗಲಿ ಗೊತ್ತಿರುವುದಿಲ್ಲ. ಎಷ್ಟು ಜನರ ರಜೆ, ಊಟ, ಶಿಸ್ತು, ತರಬೇತಿ ನಿಮ್ಮ ಕೈಯಲ್ಲಿತ್ತು ಎಂದು ಬಿಡಿಸಿ ಬರೆಯಿರಿ.

ಹಂತ 3: ನೀವಿಲ್ಲದ ದಿನಗಳನ್ನು ಪರೀಕ್ಷಿಸಿ

ಪುತ್ತರಿ ಹಬ್ಬಕ್ಕೋ ಮದುವೆಗೋ ಆಸ್ಪತ್ರೆಗೋ ಒಂದು ವಾರ ಕೆಲಸದಿಂದ ದೂರವಿದ್ದ ಸಂದರ್ಭ ಹುಡುಕಿ. ಆ ದಿನಗಳಲ್ಲಿ ಯಾರು ಯಾರು ಫೋನ್ ಮಾಡಿದರು, ಏಕೆ ಮಾಡಿದರು ಎಂದು ಬರೆಯಿರಿ. ಹತ್ತಿರದ ರಜೆಯಾದರೆ ಮೊಬೈಲ್‌ನ ಕರೆಗಳ ಪಟ್ಟಿಯೇ ಸಿಗುತ್ತದೆ.

"ಬೀಗದ ಕೈ ಎಲ್ಲಿದೆ", "ಡೀಸೆಲ್ ತರಿಸಲಾ", "ಇವರಿಗೆ ರಜೆ ಕೊಡಲಾ" ಎಂಬಂಥ ಕರೆಗಳೇ ತುಂಬಿದ್ದರೆ ಅದನ್ನು ಬಲವೆಂದು ಎಣಿಸಬೇಡಿ. ನಾನಿಲ್ಲದಿದ್ದರೆ ಒಂದು ಹುಲ್ಲುಕಡ್ಡಿಯೂ ಅಲುಗಾಡುವುದಿಲ್ಲ ಎಂದು ಹೆಮ್ಮೆಯಿಂದ ಹೇಳುವವರನ್ನು ಸಂದರ್ಶನದಲ್ಲಿ ಅನುಭವಸ್ಥ ಮಾಲೀಕರು ಅಲ್ಲೇ ಬದಿಗಿಡುತ್ತಾರೆ. ಅಧಿಕಾರವನ್ನು ಹಂಚಿಲ್ಲ, ಯಾರನ್ನೂ ಬೆಳೆಸಿಲ್ಲ ಎಂದು ಅದರ ಅರ್ಥ.

"ಅಸ್ಸಾಂನಿಂದ ಬಂದ ತಂಡ ನಾಳೆ ಹೊರಡುತ್ತೇವೆ ಎನ್ನುತ್ತಿದೆ, ಏನು ಮಾಡುವುದು" ಎಂಬಂಥ ಕರೆ ಬಂದಿದ್ದರೆ ಜನ ನಿಮ್ಮ ವಿವೇಚನೆಯನ್ನು ನೆಚ್ಚಿದ್ದಾರೆ. ಅದನ್ನು ಬರೆದುಕೊಳ್ಳಿ.

ಒಂದೂ ಕರೆ ಬರಲಿಲ್ಲ, ಕೆಲಸ ಸಲೀಸಾಗಿ ನಡೆದಿತ್ತು ಎಂದಾದರೆ? ಹೆಚ್ಚಿನವರು ಇಲ್ಲಿ ಕುಗ್ಗುತ್ತಾರೆ, ನನ್ನ ಅಗತ್ಯವೇ ಇಲ್ಲವಲ್ಲ ಎಂದು. ದಯವಿಟ್ಟು ಹಾಗೆ ಓದಬೇಡಿ. ಯಾರನ್ನು ಯಾವ ಜಾಗದಲ್ಲಿ ಇಟ್ಟು ಹೋಗಿದ್ದಿರಿ, ಅವರಿಗೆ ಅದನ್ನು ಕಲಿಸಲು ಎಷ್ಟು ಕಾಲ ಹಿಡಿಯಿತು ಎಂದು ಬರೆಯಿರಿ. ಇಡೀ ಪುಸ್ತಕದಲ್ಲಿ ಇದು ಅತಿ ಬೆಲೆಯುಳ್ಳ ಪುಟವಾಗಬಹುದು.

ಹಂತ 4: ಇತರರ ಕಣ್ಣಿನಿಂದ ನೋಡಿ

ಏಳೆಂಟು ಜನರನ್ನು ಆರಿಸಿ: ನಿಮ್ಮ ಮೇಲಿನವರು ಇಬ್ಬರು, ಸಮಾನರು ಇಬ್ಬರು, ನಿಮ್ಮ ಕೈಕೆಳಗೆ ಕೆಲಸ ಮಾಡಿದವರು ಇಬ್ಬರು, ಹೊರಗಿನವರು ಒಬ್ಬಿಬ್ಬರು. ಹೊರಗಿನವರೆಂದರೆ ಗೊಬ್ಬರದ ಅಂಗಡಿಯವರು, ಕಾಫಿ ಕೊಳ್ಳುವ ವ್ಯಾಪಾರಿ, ಮತ್ತೆ ಮತ್ತೆ ಬರುವ ಅತಿಥಿ, ಬ್ಯಾಂಕಿನ ಸಿಬ್ಬಂದಿ. ಇವರ ಮಾತಿಗೆ ದಾಕ್ಷಿಣ್ಯ ಕಡಿಮೆ.

"ನಾನು ಹೇಗೆ?" ಎಂದು ಕೇಳಿದರೆ "ನಿಮಗೇನು, ಒಳ್ಳೆಯ ಮನುಷ್ಯ" ಎಂಬ ಉತ್ತರವೇ ಬರುತ್ತದೆ. ಸಂದರ್ಭವನ್ನೇ ಕೇಳಬೇಕು. ಹೀಗೊಂದು ಸಂದೇಶ ಕಳುಹಿಸಬಹುದು:

"ಅಣ್ಣಾ, ನನ್ನ ಕೆಲಸದ ಬಗ್ಗೆ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ನಾನು ತಂಡ ನಡೆಸಿದ ರೀತಿಯಿಂದ ನಿಮ್ಮ ಕೆಲಸ ಹಗುರವಾದ ಒಂದು ಸಂದರ್ಭ ನೆನಪಿದ್ದರೆ ತಿಳಿಸಿ. ಬೇರೆ ರೀತಿ ಮಾಡಿದ್ದರೆ ಚೆನ್ನಾಗಿತ್ತು ಎನ್ನಿಸಿದ ಒಂದು ಸಂದರ್ಭವನ್ನೂ ತಿಳಿಸಿ. ಅವಸರವಿಲ್ಲ, ಭಾನುವಾರದೊಳಗೆ ಸಾಕು."

ಎರಡನೆಯ ಪ್ರಶ್ನೆ ಇಲ್ಲದಿದ್ದರೆ ಮೊದಲನೆಯದರ ಉತ್ತರವೂ ಸಪ್ಪೆಯಾಗುತ್ತದೆ. ಟೀಕೆಗೆ ಜಾಗ ಕೊಟ್ಟಾಗಲೇ ಜನ ಹೊಗಳಿಕೆಯನ್ನೂ ಯೋಚಿಸಿ ಹೇಳುತ್ತಾರೆ.

ಕೊಡಗಿನಲ್ಲಿ ಒಂದು ತೊಡಕಿದೆ. ಊರು ಚಿಕ್ಕದು, ಎಲ್ಲರೂ ಯಾರಿಗೋ ಏನೋ ಆಗಬೇಕು. ಹಾಗಾಗಿ ಎಂಟು ಜನರಲ್ಲಿ ನಿಮ್ಮ ಒಕ್ಕದವರು, ನೆಂಟರು ಇಬ್ಬರನ್ನು ಮೀರದಿರಲಿ. ಕೈಕೆಳಗಿನವರನ್ನು ಕೇಳುವಾಗ ಇನ್ನೂ ಎಚ್ಚರ ಬೇಕು. ತೋಟವೇ ಕೊಟ್ಟ ಲೈನ್ ಮನೆಯಲ್ಲಿ ವಾಸವಿರುವ ಕೆಲಸಗಾರರು ತಮ್ಮ ರೈಟರ್ ಮುಖದ ಮೇಲೆ ಸತ್ಯ ಹೇಳಲಾರರು. ಅವರ ಮನೆಯೂ ಕೂಲಿಯೂ ನಿಮ್ಮ ಕೈಯಲ್ಲಿದೆ. ಬಟವಾಡೆಯ ದಿನ ಕೇಳಬೇಡಿ, ಗುಂಪಿನ ಮುಂದೆ ಕೇಳಬೇಡಿ. ಈಗಾಗಲೇ ಕೆಲಸ ಬಿಟ್ಟು ಹೋಗಿರುವವರನ್ನು ಕೇಳುವುದು ಎಲ್ಲಕ್ಕಿಂತ ಒಳ್ಳೆಯದು. ಅವರಿಗೆ ನಿಮ್ಮಿಂದ ಪಡೆಯುವುದಾಗಲಿ ಕಳೆದುಕೊಳ್ಳುವುದಾಗಲಿ ಏನೂ ಇಲ್ಲ.

ಉತ್ತರಗಳನ್ನು ವಿಂಗಡಿಸಲು ಜೋಹಾರಿ ಕಿಟಕಿ ಎಂಬ ಸರಳ ಸಾಧನವಿದೆ. ಜೋಸೆಫ್ ಲುಫ್ಟ್ ಮತ್ತು ಹ್ಯಾರಿಂಗ್ಟನ್ ಇಂಗಮ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1955ರಲ್ಲಿ ರೂಪಿಸಿದ್ದು. ಪುಟವನ್ನು ನಾಲ್ಕು ಭಾಗ ಮಾಡಿ: ನನಗೂ ಇತರರಿಗೂ ಗೊತ್ತಿರುವುದು, ನನಗೆ ಮಾತ್ರ ಗೊತ್ತಿರುವುದು, ಇತರರಿಗೆ ಮಾತ್ರ ಗೊತ್ತಿರುವುದು, ಯಾರಿಗೂ ಗೊತ್ತಿಲ್ಲದ್ದು. ನಮ್ಮ ಕೆಲಸಕ್ಕೆ ಮೂರನೆಯ ಭಾಗ ಮುಖ್ಯ. ಇಬ್ಬರು ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದೇ ಬಗೆಯ ಸಂದರ್ಭ ಹೇಳಿ, ಅದು ನಿಮ್ಮ ಇಪ್ಪತ್ತರ ಪಟ್ಟಿಯಲ್ಲಿ ಇಲ್ಲದಿದ್ದರೆ, ನಿಮಗೆ ನೀರು ಕುಡಿದಷ್ಟು ಸುಲಭವಾಗಿ ಬರುವುದರಿಂದಲೇ ನೀವು ಎಣಿಸದೆ ಬಿಟ್ಟ ಬಲವದು.

ಹಂತ 5: ಎಳೆಗಳನ್ನು ಹುಡುಕಿ, ಬಲಕ್ಕೆ ವಾಕ್ಯ ಕೊಡಿ

ಈಗ ಎಲ್ಲ ಪುಟಗಳನ್ನೂ ಹರಡಿ ಓದಿ. ಒಂದೇ ಬಗೆಯ ತೀರ್ಮಾನ ಎಲ್ಲಿ ಎಲ್ಲಿ ಮರುಕಳಿಸುತ್ತದೆ? ಒಂದು ಎಳೆಯನ್ನು ಬಲವೆಂದು ಒಪ್ಪಲು ನನ್ನ ಅಳತೆ ಇದು: ಕನಿಷ್ಠ ಮೂರು ಘಟನೆಗಳಲ್ಲಿ ಕಾಣಬೇಕು, ಅವು ಕನಿಷ್ಠ ಎರಡು ಬೇರೆ ಸಂದರ್ಭದವಾಗಿರಬೇಕು, ಒಬ್ಬ ಸಾಕ್ಷಿಯಾದರೂ ಅದನ್ನು ಹೇಳಿರಬೇಕು. ಮೂರರಲ್ಲಿ ಒಂದು ತಪ್ಪಿದರೂ ಸದ್ಯಕ್ಕೆ ಪೆನ್ಸಿಲ್‌ನಲ್ಲಷ್ಟೇ ಬರೆದಿಡಿ.

ಬಲವನ್ನು ಒಂದೇ ಪದದಲ್ಲಿ ಹೇಳಬೇಡಿ. ಯಾವ ಸಂದರ್ಭದಲ್ಲಿ, ಯಾರೊಂದಿಗೆ, ಏನು ಮಾಡಬಲ್ಲೆ ಎಂಬ ವಾಕ್ಯವಿರಲಿ. "ಸಂವಹನ ಕೌಶಲ" ಎಂದರೆ ಏನೂ ಹೇಳಿದಂತಾಗಲಿಲ್ಲ. "ಬೇರೆ ಬೇರೆ ಭಾಷೆಯ ಕೆಲಸಗಾರರಿರುವ ತಂಡದಲ್ಲಿ, ಕೂಲಿ ಮತ್ತು ಕೆಲಸದ ಅಳತೆಯನ್ನು ಮೊದಲ ದಿನವೇ ಎಲ್ಲರಿಗೂ ತಿಳಿಯುವಂತೆ ಒಪ್ಪಿಸಿ, ಕೊಯ್ಲಿನ ನಡುವೆ ಜಗಳ ಬಾರದಂತೆ ನೋಡಿಕೊಳ್ಳಬಲ್ಲೆ" ಎಂದರೆ ಕೇಳುವವರು ಕುರ್ಚಿ ಮುಂದೆ ಎಳೆದುಕೊಳ್ಳುತ್ತಾರೆ. ಇಂಥ ವಾಕ್ಯಗಳು ಮೂರರಿಂದ ಐದು ಸಾಕು. ಹತ್ತು ಬಂದರೆ ನೀವು ಇನ್ನೂ ಆರಿಸಿಲ್ಲ.

ಪ್ರತಿ ವಾಕ್ಯದ ಪಕ್ಕದಲ್ಲಿ ಇನ್ನೊಂದು ಪ್ರಶ್ನೆ: ಇದನ್ನು ಮಾಡಿದ ದಿನ ಸಂಜೆ ನನಗೆ ಹುರುಪಿತ್ತೇ, ಸುಸ್ತಿತ್ತೇ? ಲೆಕ್ಕಪತ್ರದಲ್ಲಿ ನೀವು ಗಟ್ಟಿಗರಿರಬಹುದು, ಆದರೆ ಪ್ರತಿ ಸಲ ಮೈ ಹಿಂಡಿದಂತಾಗುತ್ತಿದ್ದರೆ ಅದರ ಮೇಲೆ ಮುಂದಿನ ಹುದ್ದೆಯನ್ನು ಕಟ್ಟಬೇಡಿ.

ಆನ್‌ಲೈನ್ ಪರೀಕ್ಷೆಗಳಿಗೆ ಜಾಗ ಇಲ್ಲಿ, ಮೊದಲಲ್ಲ. 24 ಗುಣಬಲಗಳನ್ನು ಅಳೆಯುವ ವಿಐಎ ಸಮೀಕ್ಷೆ ಉಚಿತವಾಗಿ ಸಿಗುತ್ತದೆ. ಅದು ನೀವೇ ಕೊಟ್ಟ ಉತ್ತರಗಳನ್ನು ಕ್ರಮವಾಗಿ ಜೋಡಿಸಿ ಹಿಂತಿರುಗಿಸುತ್ತದೆ, ಅಷ್ಟೇ. ನಿಮ್ಮ ವಾಕ್ಯಗಳಿಗೆ ಹೆಸರು ಹುಡುಕಲು ಉಪಯೋಗಿಸಿ. ಘಟನೆಯಿಲ್ಲದ ಗುಣವನ್ನು ಅದರಿಂದ ಎತ್ತಿಕೊಳ್ಳಬೇಡಿ.

"ಇದೆಲ್ಲ ಅದೃಷ್ಟ, ಯಾರಾದರೂ ಮಾಡುತ್ತಿದ್ದರು" ಎಂಬ ಯೋಚನೆ ಈ ಹಂತದಲ್ಲೇ ಬಲವಾಗಿ ಬರುತ್ತದೆ. ಪಾಲಿನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ ಎಂಬ ಮನಶ್ಶಾಸ್ತ್ರಜ್ಞೆಯರು 1978ರಲ್ಲಿ, ಒಳ್ಳೆಯ ಸಾಧನೆ ಮಾಡಿದ ಮಹಿಳೆಯರಲ್ಲೇ ಈ ಭಾವನೆಯನ್ನು ಗುರುತಿಸಿ ಬರೆದರು. ಇಲ್ಲಿ ವಾದ ಮಾಡಿ ಗೆಲ್ಲಲಾಗದು. ಪುಟ ತೆರೆದು, ಆ ದಿನ ಅಲ್ಲಿ ಬೇರೆ ಯಾರಿದ್ದರು, ಅವರು ಏಕೆ ಮಾಡಲಿಲ್ಲ ಎಂದು ಒಂದು ಸಾಲು ಬರೆಯಿರಿ.

ಹಂತ 6: ಪುರಾವೆಗೆ ಅಂಕಿ ಜೋಡಿಸಿ, ಮಳೆಯ ಪಾಲನ್ನು ಕಳೆಯಿರಿ

ಹೆಚ್ಚು ಜನ ಎಡವುವುದು ಇಲ್ಲೇ, ಅದೂ ಅತಿ ಆತ್ಮವಿಶ್ವಾಸದಿಂದ. "ನಾನು ಬಂದ ಮೇಲೆ ತೋಟದ ಆದಾಯ ದುಪ್ಪಟ್ಟಾಯಿತು" ಎಂದು ಬರೆಯುತ್ತಾರೆ. ವಿಯೆಟ್ನಾಂ ಮತ್ತು ಬ್ರೆಜಿಲ್‌ನಲ್ಲಿ ಬರ ಬಿದ್ದು 2024ರಲ್ಲಿ, 2025ರ ಆರಂಭದಲ್ಲಿ ರೊಬಸ್ಟಾ ಬೆಲೆ ದಾಖಲೆ ಮಟ್ಟಕ್ಕೆ ಏರಿದ್ದನ್ನು ಕೊಡಗಿನ ಪ್ರತಿ ಬೆಳೆಗಾರರೂ ಕಂಡಿದ್ದಾರೆ. ಆ ಏರಿಕೆಯನ್ನು ನಿಮ್ಮ ಖಾತೆಗೆ ಬರೆದುಕೊಂಡ ಕೂಡಲೇ ಉಳಿದ ಮಾತಿನ ಮೇಲೂ ನಂಬಿಕೆ ಹೋಗುತ್ತದೆ.

ಬೆಲೆಯೂ ಮಳೆಯೂ ಮುಟ್ಟದ, ಇಲ್ಲವೇ ಕಡಿಮೆ ಮುಟ್ಟುವ ಅಂಕಿಗಳನ್ನು ಹುಡುಕಿ. ತೋಟದಲ್ಲಿ: ಎಕರೆಗೆ ಎಷ್ಟು ಆಳಿನ ದಿನಗಳು, ಕೊಯ್ಲಿಗೆ ಬಂದವರಲ್ಲಿ ಮುಂದಿನ ವರ್ಷವೂ ಮರಳಿದವರು ಎಷ್ಟು, ಹಸಿ ಕಾಯಿಯ ಪ್ರಮಾಣ, ಔಟ್‌ಟರ್ನ್ (ಒಂದು ಚೀಲ, ಅಂದರೆ 50 ಕಿಲೋ ಒಣಗಿದ ಚೆರಿಯಿಂದ ಸಿಗುವ ಕಾಫಿ ಬೀಜದ ತೂಕ). ಉದಾಹರಣೆಗೆ 50 ಕಿಲೋ ಚೆರಿಗೆ 25 ಕಿಲೋ ಬೀಜ ಸಿಗುತ್ತಿದ್ದದ್ದು, ಹಣ್ಣನ್ನೇ ಆರಿಸಿ ಕೊಯ್ಯುವಂತೆ ತಂಡವನ್ನು ಪಳಗಿಸಿದ ಮೇಲೆ 26 ಆಯಿತು ಎಂದಿಟ್ಟುಕೊಳ್ಳಿ. ಸಾವಿರ ಚೀಲಕ್ಕೆ ಅದು 1,000 ಕಿಲೋ ಬೀಜ. ಆದರೂ ಆ ವರ್ಷ ಕಾಳು ಎಲ್ಲರ ತೋಟದಲ್ಲೂ ಚೆನ್ನಾಗಿ ಕಟ್ಟಿರಬಹುದಲ್ಲ? ಅದಕ್ಕೆ ಅದೇ ಹೋಬಳಿಯ ಇನ್ನೊಂದು ತೋಟದ ಅದೇ ವರ್ಷದ ಅಂಕಿಯೊಂದಿಗೆ ಹೋಲಿಸಿ. ಅಲ್ಲಿಯೂ ಅರ್ಧ ಕಿಲೋ ಏರಿದ್ದರೆ, ಉಳಿದ ಅರ್ಧವನ್ನಷ್ಟೇ ನಿಮ್ಮದೆನ್ನಿ. ಹೀಗೆ ಕಳೆದು ಉಳಿದ ಸಣ್ಣ ಅಂಕಿ ಆ ದೊಡ್ಡ ಅಂಕಿಗಿಂತ ಎಷ್ಟೋ ಗಟ್ಟಿ.

ಹೋಂಸ್ಟೇಯವರು ಮರಳಿ ಬಂದ ಅತಿಥಿಗಳ ಸಂಖ್ಯೆ, ಮಧ್ಯವರ್ತಿ ಆ್ಯಪ್ ಇಲ್ಲದೆ ನೇರವಾಗಿ ಬಂದ ಬುಕಿಂಗ್, ಸಿಬ್ಬಂದಿ ಎಷ್ಟು ಕಾಲ ಉಳಿದರು ಎಂಬುದನ್ನು ನೋಡಲಿ. ಸ್ವಸಹಾಯ ಸಂಘದವರಿಗೆ ಸಾಲ ಮರುಪಾವತಿ ಮತ್ತು ಸಭೆಯ ಹಾಜರಿ. ಶಾಲೆಯವರಿಗೆ ಮಳೆ ಜೋರಿರುವ ಜುಲೈ ತಿಂಗಳ ಹಾಜರಿ ಬಹಳ ಹೇಳುತ್ತದೆ.

ಅಂಕಿ ತೆಗೆಯುವಾಗ ಸಂಸ್ಥೆಯ ಪುಸ್ತಕದ ಫೋಟೊ ತೆಗೆದು ಹೊರಗೆ ಒಯ್ಯಬೇಡಿ. ಪ್ರಮಾಣವನ್ನು ಮಾತ್ರ ಬರೆದುಕೊಳ್ಳಿ. ಹಳೆಯ ಮಾಲೀಕರ ಲೆಕ್ಕವನ್ನು ತೋರಿಸುವವರು ನಾಳೆ ನಮ್ಮದನ್ನೂ ತೋರಿಸುತ್ತಾರೆ ಎಂದೇ ಹೊಸಬರು ಯೋಚಿಸುತ್ತಾರೆ.

ಹಂತ 7: ಬೆಲೆಯನ್ನು ಲೆಕ್ಕ ಹಾಕಿ

ಮೊದಲು ಈಗ ಸಿಗುತ್ತಿರುವುದೆಷ್ಟು ಎಂದು ಪೂರ್ತಿ ತಿಳಿಯಿರಿ. ಕೊಡಗಿನಲ್ಲಿ ಸಂಬಳದ ದೊಡ್ಡ ಪಾಲು ನೋಟಿನ ರೂಪದಲ್ಲಿ ಬರುವುದಿಲ್ಲ. ಒಂದು ಮಾದರಿ: ಕೈಗೆ ಬರುವ ಸಂಬಳ 32,000 ರೂಪಾಯಿ. ಕ್ವಾರ್ಟರ್ಸ್‌ಗೆ ಬದಲಾಗಿ ಅಂಥದ್ದೇ ಮನೆ ಬಾಡಿಗೆಗೆ ಹಿಡಿದರೆ 7,000. ವಿದ್ಯುತ್, ಸೌದೆ, ನೀರು 1,500. ಮಾಲೀಕರ ಪಾಲಿನ ಪಿಎಫ್ 1,800. ಮೂಲವೇತನ 26,000 ಇದ್ದರೆ ಗ್ರಾಚ್ಯುಟಿಯ (ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಸಿಗುವ ಮೊತ್ತ) ಲೆಕ್ಕ ವರ್ಷಕ್ಕೆ ಹದಿನೈದು ದಿನದ ವೇತನ, ತಿಂಗಳಿಗೆ 26 ದಿನವೆಂದು ಹಿಡಿದು: 15,000, ಅಂದರೆ ತಿಂಗಳಿಗೆ 1,250. ಒಟ್ಟು 43,550.

ಈಗ ಮೈಸೂರಿನಲ್ಲಿ ಒಬ್ಬರು ಮನೆಯಿಲ್ಲದೆ, ಎಲ್ಲ ಸೇರಿ 42,000 ಕೊಡುತ್ತೇವೆ ಎಂದರೆ ಹತ್ತು ಸಾವಿರ ಹೆಚ್ಚೆಂದು ಕಾಣುತ್ತದೆ. ನಿಜದಲ್ಲಿ 1,550 ಕಡಿಮೆ. ಈ ಲೆಕ್ಕ ಮಾಡದೆ ಊರು ಬಿಟ್ಟು, ವರ್ಷದೊಳಗೆ ಮರಳಲು ದಾರಿ ಹುಡುಕುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಗ್ರಾಚ್ಯುಟಿ ಸಾಮಾನ್ಯವಾಗಿ ಐದು ವರ್ಷದ ಸತತ ಸೇವೆಯ ನಂತರ ಸಿಗುವಂಥದ್ದು. ಅದಕ್ಕೆ ಕೆಲವೇ ತಿಂಗಳಿರುವಾಗ ರಾಜೀನಾಮೆ ಕೊಡುವ ಮೊದಲು ತಾರೀಖು ನೋಡಿಕೊಳ್ಳಿ.

ಎರಡನೆಯದಾಗಿ, ನಿಮ್ಮ ಜಾಗಕ್ಕೆ ಇನ್ನೊಬ್ಬರನ್ನು ತರಲು ಮಾಲೀಕರಿಗೆ ಏನು ಬೀಳುತ್ತದೆ ಎಂದು ಅಂದಾಜಿಸಿ. ನಿಮ್ಮೊಂದಿಗೆ ಬಂದು ಹೋಗುವ ಕೆಲಸಗಾರರ ತಂಡವಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಆದರೆ ಅದನ್ನು ಬೆದರಿಕೆಯಾಗಿ ಬಾಯಿಬಿಟ್ಟು ಹೇಳಬಾರದು.

ಮೂರನೆಯದಾಗಿ, ಮಾರುಕಟ್ಟೆ. ಒಬ್ಬರ ಮಾತು ಸಾಲದು. ಇದೇ ಬಗೆಯ ಹೊಣೆ ಹೊತ್ತ ಐವರನ್ನು ವಿಚಾರಿಸಿ. ಕೊಡಗಿನವರಷ್ಟೇ ಅಲ್ಲದೆ ಸಕಲೇಶಪುರ, ಚಿಕ್ಕಮಗಳೂರು ಕಡೆಯವರೂ ಇರಲಿ. ಎಕರೆ, ಜನರ ಸಂಖ್ಯೆ, ಸೌಲಭ್ಯ ಮೂರನ್ನೂ ಕೇಳದೆ ಬರೀ ಸಂಬಳ ಕೇಳಿದರೆ ಹೋಲಿಕೆ ದಾರಿ ತಪ್ಪುತ್ತದೆ. ಕೊನೆಗೆ ಮೂರು ಅಂಕಿ ಬರೆಯಿರಿ: ಇದಕ್ಕಿಂತ ಕೆಳಗೆ ಒಪ್ಪಲಾರೆ, ಇದು ನ್ಯಾಯ, ಇದನ್ನು ಕೇಳುತ್ತೇನೆ.

ಸ್ವಂತ ಮನೆಯ ತೋಟವನ್ನು ನಡೆಸುವ ಹೆಣ್ಣುಮಕ್ಕಳಿಗೆ ಪ್ರತ್ಯೇಕವಾಗಿ ಹೇಳಬೇಕು. ಗಂಡ ಸೇನೆಯಲ್ಲೋ ಬೆಂಗಳೂರಿನಲ್ಲೋ ಇದ್ದು, ಆಳುಗಳನ್ನು ಕರೆಸುವುದರಿಂದ ಕಾಫಿ ಮಾರುವವರೆಗೆ ಎಲ್ಲ ನೋಡಿಕೊಳ್ಳುವವರು ಅರ್ಜಿಗಳಲ್ಲಿ "ಗೃಹಿಣಿ" ಎಂದು ಬರೆಯುತ್ತಾರೆ. ನೀವು ಆರು ತಿಂಗಳು ಕೈಬಿಟ್ಟರೆ ಆ ತೋಟಕ್ಕೆ ಒಬ್ಬ ಮ್ಯಾನೇಜರ್ ಬೇಕಾಗುತ್ತದೆ. ಅವರ ಸಂಬಳ, ಸೌಲಭ್ಯಗಳನ್ನು ಮೇಲಿನಂತೆ ಕೂಡಿ. ಆ ಮೊತ್ತವನ್ನು ಯಾರೂ ನಿಮಗೆ ಕೊಡದಿರಬಹುದು, ಆದರೆ ಬ್ಯಾಂಕಿನಲ್ಲಿ ಸಾಲ ಕೇಳುವಾಗ, ಸಹಕಾರ ಸಂಘದ ಚುನಾವಣೆಗೆ ನಿಲ್ಲುವಾಗ, ಮನೆಯಲ್ಲಿ ಆಸ್ತಿಯ ಮಾತು ಬಂದಾಗ ಅದು ನಿಮ್ಮ ಬಾಯಲ್ಲಿ ಸಿದ್ಧವಾಗಿರಲಿ. ಅರ್ಜಿಯಲ್ಲಿ "ತೋಟ ನಿರ್ವಹಣೆ" ಎಂದು ಬರೆದು ಎಕರೆ, ವರ್ಷಗಳನ್ನು ನಮೂದಿಸಿ.

ಹಂತ 8: ಬಾಯಿಬಿಟ್ಟು ಹೇಳುವ ಅಭ್ಯಾಸ ಮಾಡಿ

ಒಂದು ಬಲದ ವಾಕ್ಯ, ಅದಕ್ಕೊಂದು ಘಟನೆ, ಅದಕ್ಕೊಂದು ಅಂಕಿ. ಇಷ್ಟನ್ನು ಒಂದು ನಿಮಿಷದಲ್ಲಿ, ಎದುರಿಗೆ ಯಾರನ್ನಾದರೂ ಕೂರಿಸಿಕೊಂಡು ಹೇಳಿ. ಮನಸ್ಸಿನಲ್ಲೇ ಹೇಳಿಕೊಂಡರೆ ಅಭ್ಯಾಸವಲ್ಲ.

ಈಗಿನ ಮಾಲೀಕರ ಬಳಿ ಸಂಬಳದ ಮಾತೆತ್ತುವುದು ಹೊಸಬರ ಮುಂದೆ ಕೂರುವುದಕ್ಕಿಂತ ಕಷ್ಟ. ನಿಮ್ಮ ತಂದೆಯೂ ಅದೇ ತೋಟದಲ್ಲಿ ದುಡಿದಿರಬಹುದು. ಹೊತ್ತು ನೋಡಿ ಮಾತಾಡಿ: ಕೊಯ್ಲಿನ ಲೆಕ್ಕ ಚುಕ್ತವಾಗಿ, ಹೂಮಳೆಯೂ ಬಿದ್ದ ಮೇಲೆ ಒಳ್ಳೆಯ ಕಾಲ. ಮಳೆಗಾಗಿ ಆಕಾಶ ನೋಡುತ್ತಿರುವ ಬೆಳೆಗಾರರ ಬಳಿ ಹೋಗಬೇಡಿ. ಒಂದು ದಿನ ಮೊದಲೇ ತಿಳಿಸಿ, ತೋಟದ ನಡುವೆ ನಿಂತು ಹೇಳದೆ ಕುಳಿತು ಮಾತಾಡಿ:

"ಸರ್, ಈ ಮೂರು ವರ್ಷದಲ್ಲಿ ಕೊಯ್ಲಿನ ತಂಡದಲ್ಲಿ ಮರಳಿ ಬರುವವರು ಅರ್ಧಕ್ಕಿಂತ ಹೆಚ್ಚಾಗಿದ್ದಾರೆ, ಔಟ್‌ಟರ್ನ್ ಸುಧಾರಿಸಿದೆ. ಎರಡರ ಲೆಕ್ಕವನ್ನೂ ಬರೆದು ತಂದಿದ್ದೇನೆ. ಈಗ ಪಕ್ಕದ ಡಿವಿಷನ್ ಕೂಡ ನನ್ನ ಕೈಯಲ್ಲಿದೆ. ಅದಕ್ಕೆ ತಕ್ಕಂತೆ ಸಂಬಳವನ್ನು ಇಷ್ಟಕ್ಕೆ ಏರಿಸಬೇಕೆಂದು ಕೇಳುತ್ತಿದ್ದೇನೆ."

ಅಂಕಿ ಹೇಳಿದ ಮೇಲೆ ಸುಮ್ಮನಿರಿ. "ಆಗದಿದ್ದರೆ ಪರವಾಗಿಲ್ಲ" ಎಂದು ನೀವೇ ಸೇರಿಸಿದರೆ ಅಲ್ಲಿಗೆ ಮಾತು ಮುಗಿಯಿತು. ಮಕ್ಕಳ ಫೀಸು, ಮನೆಯ ಸಾಲಗಳನ್ನೂ ಇಲ್ಲಿ ತರಬೇಡಿ. ಅವು ನಿಜವಾದ ಕಷ್ಟಗಳು, ಆದರೆ ನಿಮ್ಮ ಕೆಲಸದ ಬೆಲೆ ಅವುಗಳಿಂದ ಏರುವುದಿಲ್ಲ. ನಗದು ಏರಿಸಲಾಗದು ಎಂದರೆ ವಾಹನದ ಇಂಧನ, ಮನೆ ದುರಸ್ತಿ, ವಾರದ ರಜೆ, ತರಬೇತಿಗೆ ಕಳುಹಿಸುವುದು ಇವುಗಳಲ್ಲಿ ಯಾವುದು ಸಾಧ್ಯ ಎಂದು ಕೇಳಿ. ಒಪ್ಪಿದ್ದನ್ನು ಅಂದೇ ಸಂದೇಶವಾಗಿ ಬರೆದು ಕಳುಹಿಸಿ.

ಕೆಲಸ ದಾರಿ ತಪ್ಪಿದೆ ಎನ್ನುವ ಚಿಹ್ನೆಗಳು

ಬರೆಯುವಾಗ ಸಿಟ್ಟು ಏರುತ್ತಿದ್ದರೆ ನೀವು ಬಲದ ಪಟ್ಟಿ ಬಿಟ್ಟು ದೂರಿನ ಪಟ್ಟಿ ಬರೆಯುತ್ತಿದ್ದೀರಿ. ಅದನ್ನು ಬೇರೆ ಪುಟಕ್ಕೆ ಒಯ್ಯಿರಿ, ಅದೂ ಬೇಕಾಗಬಹುದು.

ಪಟ್ಟಿಯಲ್ಲಿ ಒಂದೂ ಸೋಲು ಇಲ್ಲದಿದ್ದರೆ ಹಂತ 1 ಅಪೂರ್ಣ. ಎಲ್ಲ ಘಟನೆಗಳೂ ಒಬ್ಬರೇ ಮಾಲೀಕರ ಕಾಲದವಾಗಿದ್ದರೆ, ಅದು ನಿಮ್ಮ ಬಲವೋ ಅವರು ಕೊಟ್ಟ ಸ್ವಾತಂತ್ರ್ಯದ ಫಲವೋ ಎಂದು ತೂಗಿ ನೋಡಿ. ಎಂಟು ಸಾಕ್ಷಿಗಳೂ ಹೊಗಳಿದ್ದರೆ ಜನರನ್ನು ತಪ್ಪಾಗಿ ಆರಿಸಿದ್ದೀರಿ. ಹಂತ 7ರ ಅಂಕಿ ಹಂತ 1ಕ್ಕೆ ಮೊದಲೇ ಮನಸ್ಸಿನಲ್ಲಿದ್ದು, ಕೊನೆಗೂ ಅದೇ ಬಂದಿದ್ದರೆ ಲೆಕ್ಕವನ್ನು ಇನ್ನೊಬ್ಬರ ಕೈಯಲ್ಲಿ ಮಾಡಿಸಿ.

ಹಂತ 9: ಮುಂದಿನ ವರ್ಷಕ್ಕೆ ತೀರ್ಮಾನಗಳ ಪುಸ್ತಕ ಇಡಿ

ಇಂದಿನಿಂದ ಪ್ರತಿ ದೊಡ್ಡ ತೀರ್ಮಾನದ ದಿನ ಮೂರು ಸಾಲು ಬರೆಯಿರಿ: ಏನು ನಿರ್ಧರಿಸಿದೆ, ಏಕೆ, ಏನಾಗಬಹುದೆಂದು ಎಣಿಸಿದ್ದೇನೆ. ತಾರೀಖು ಹಾಕಿ. ಹೊಸ ಗುತ್ತಿಗೆದಾರರನ್ನು ಕರೆಸಿದ್ದು, ಒಂದು ಬ್ಲಾಕಿನಲ್ಲಿ ನೆರಳು ಹೆಚ್ಚು ತೆಗೆಸಿದ್ದು, ಅತಿಥಿಗಳ ದರ ಏರಿಸಿದ್ದು, ಯಾರನ್ನೋ ಕೆಲಸದಿಂದ ಬಿಡಿಸಿದ್ದು. ಫಲ ಕಾಣಲು ಒಂದು ಕೊಯ್ಲು ಬೇಕು, ಹಾಗಾಗಿ ಒಂಬತ್ತು ಹತ್ತು ತಿಂಗಳ ನಂತರ ತೆರೆದು, ಎಣಿಸಿದ್ದನ್ನೂ ಆದದ್ದನ್ನೂ ಎದುರುಬದುರು ಬರೆಯಿರಿ. ಜನರ ವಿಷಯದಲ್ಲಿ ನಿಮ್ಮ ಎಣಿಕೆ ಪದೇ ಪದೇ ಸರಿಯಾಗಿ, ಹಣದ ವಿಷಯದಲ್ಲಿ ತಪ್ಪುತ್ತಿದ್ದರೆ, ಹಂತ 5ರ ವಾಕ್ಯಗಳನ್ನು ಅದಕ್ಕೆ ತಕ್ಕಂತೆ ತಿದ್ದಿ.

ಎರಡು ವರ್ಷ ಕಳೆದರೂ ಈ ಪುಸ್ತಕದಲ್ಲಿ ಬರೆಯಲು ತೀರ್ಮಾನವೇ ಸಿಗದಿದ್ದರೆ ಆ ಹುದ್ದೆಯಲ್ಲಿ ನಿಮಗೆ ತೀರ್ಮಾನಿಸುವ ಅವಕಾಶ ಉಳಿದಿಲ್ಲ. ಆಗ ಸಂಬಳದ ಮಾತಿಗಿಂತ ಮೊದಲು ಆ ಅವಕಾಶವನ್ನು ಕೇಳಿ: ಒಂದು ಬ್ಲಾಕ್, ಒಂದು ತಂಡ, ಒಂದು ಋತುವಿನ ಪೂರ್ಣ ಹೊಣೆ.